ಕುಚ್ಚುಮೀನು ಮೇಲೆ ಬಂದು ಗಾಳಿ ಕುಡಿಯುವುದೇಕೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಸರಿಯಾಗಿ ಕೂತಿರಲಿಲ್ಲ. ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಅನ್ನುವ ಅನುಮಾನ ಹೊಳೆಗೆ ತೀರಿರಲಿಲ್ಲ. ಆಗ ಮೀನುಗಳೆಲ್ಲ ನೀರೊಳಗೇ ಉಸಿರಾಡುತ್ತಿದ್ದವು. ಹಾವಿನ ತಲೆಯ ಕುಚ್ಚುಮೀನೂ ಅಷ್ಟೇ.

ಆ ಹೊಳೆಯ ದಡಕ್ಕೆ ಕಾಳಾಚಾರಿ ಅನ್ನುವ ಕಮ್ಮಾರ ಬಂದು ಕುಲುಮೆ ಹೂಡಿದ. ಕಬ್ಬಿಣ ಆರಿಸುವ ಬಾನಿಗೆ ನೀರು ತುಂಬುವ ಕೆಲಸ ಯಾರಿಗೆ ಬೇಕು, ಹೊಳೆಯೇ ಇದೆಯಲ್ಲ ಅಂದುಕೊಂಡ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ತಂದು ಮಡುವಿಗೇ ಅದ್ದಿದ. ಚುಂಯ್ ಅಂದಿತು. ಗುದ್ದಲಿ ಆಯಿತು, ಅದ್ದಿದ. ಕುಡುಗೋಲು ಆಯಿತು, ಅದ್ದಿದ. ಹೊಸ ಲೋಕ ನೋಡಿ, ಎಲ್ಲರಿಗೂ ಎಲ್ಲವೂ ಬೇಕು. ಹಗಲೆಲ್ಲ ಅದ್ದಿದ.

ಮಡು ಕಾಯಿತು. ಕಾದ ನೀರಿನಲ್ಲಿ ಉಸಿರು ಉಳಿಯುವುದಿಲ್ಲ, ಮೇಲೆದ್ದು ಹೋಗಿಬಿಡುತ್ತದೆ.

ಮೊದಲು ಸಿಗಡಿಗಳು ಗುಳೆ ಎದ್ದವು. ಆಮೇಲೆ ಗೆಂಡೆಮೀನುಗಳು. "ಬಾರೇ ಕುಚ್ಚವ್ವ, ಮೇಲ್ಹೊಳೆಯಲ್ಲಿ ತಣ್ಣಗಿದೆಯಂತೆ," ಅಂದಳು ಹಿರಿಗೆಂಡೆ.

"ಮರಿಗಳು ಮೊನ್ನೆ ತಾನೇ ಮೊಟ್ಟೆ ಒಡೆದಿವೆ ಕಣಕ್ಕ. ಎದುರು ನೀರಿಗೆ ಈಜಲಾರವು. ನೀನು ಹೋಗು."

"ಇದ್ದರೆ ಬೇಯ್ತೀಯ."

"ಬೆಂದರೆ ಅವುಗಳ ಜೊತೇಲೇ ಬೇಯ್ತೀನಿ."

ಕುಚ್ಚವ್ವ ದಡಕ್ಕೆ ಬಂದು ಕರೆದಳು. "ಆಚಾರ್ರೇ, ನಮ್ಮ ಮನೆಗೆ ಬೆಂಕಿ ಹಾಕ್ತಿದ್ದೀರಿ."

"ಬೆಂಕಿ ಎಲ್ಲಿ ಹಾಕಿದೆ ತಾಯಿ? ಆರಿಸ್ತಿದ್ದೀನಿ. ಹರಿಯೋ ನೀರು, ಬಿಸಿ ಅದರ ಪಾಡಿಗೆ ಹೋಗುತ್ತೆ."

"ಬೇಸಿಗೇಲಿ ಹೊಳೆ ಎಲ್ಲಿ ಹರಿಯುತ್ತೆ? ಕೈ ಇಟ್ಟು ನೋಡಿ."

ಕಾಳಾಚಾರಿ ಕೈ ಇಟ್ಟ. ಕುಲುಮೆಯ ಮುಂದೆ ಕಾದು ಕಾದು ಜಡ್ಡುಗಟ್ಟಿದ ಕೈ. "ತಣ್ಣಗೇ ಇದೆಯಲ್ಲ," ಅಂದು ಎದ್ದು ಹೋದ.

ಇನ್ನು ಇವನಿಗೆ ಹೇಳಿ ಫಲವಿಲ್ಲ ಅಂತ ಕುಚ್ಚವ್ವ ಮೇಲೆ ನೋಡಿದಳು. "ಗಾಳಿಯಣ್ಣ, ನಿನ್ನ ಹತ್ತಿರ ಉಸಿರು ರಾಶಿ ಬಿದ್ದಿದೆ. ಒಂದು ಗುಕ್ಕು ಕೊಡು."

ಗಾಳಿ ನಕ್ಕಿತು. "ನೀರಿನವಳಿಗೆ ಗಾಳಿ ದಕ್ಕುತ್ತೇನಮ್ಮ? ಎದೆ ಸುಟ್ಟೀತು."

"ಸುಡಲಿ. ಕೆಳಗೂ ಸುಡ್ತಿದೆ."

ತಲೆ ಎತ್ತಿ ಒಂದು ಗುಕ್ಕು ನುಂಗಿದಳು. ಎದೆ ಉರಿದುಹೋಯಿತು. ಮುಳುಗಿದಳು. ಕೆಳಗೆ ಮರಿಗಳು ಉಸಿರು ಸಾಲದೆ ಮಗ್ಗುಲಾಗುತ್ತಿದ್ದವು. ಮತ್ತೆ ಎದ್ದಳು, ಮತ್ತೆ ನುಂಗಿದಳು, ಮತ್ತೆ ಉರಿಯಿತು.

"ಮತ್ತೆ ಬಂದೆಯಾ?"

"ಬಂದೆ."

"ಇನ್ನೂ ಬರ್ತೀಯಾ?"

"ನಿನಗೆ ಬೇಸರ ಬಂದರೂ ಬರ್ತೀನಿ."

ಗಾಳಿ ನಗುವುದನ್ನು ಬಿಟ್ಟಿತು. ಬಗ್ಗಿ ಅವಳ ಕಿವಿರಿನ ಮೇಲೆ, ತಲೆಯೊಳಗೆ, ಒಂದು ಪುಟ್ಟ ಗೂಡು ಊದಿಕೊಟ್ಟಿತು. "ನನ್ನ ಉಸಿರನ್ನ ಇದರಲ್ಲಿ ಇಟ್ಕೋ. ಆದರೆ ಇನ್ಮೇಲೆ ನೀರು ತಣ್ಣಗಿದ್ದರೂ ನೀನು ಮೇಲೆ ಬರಲೇಬೇಕು. ಬರದಿದ್ದರೆ ಉಳಿಯಲ್ಲ."

"ನನ್ನ ಮರಿಗಳಿಗೆ?"

"ಕರ್ಕೊಂಡು ಬಾ."

ಕುಚ್ಚವ್ವ ಮೂತಿಯಿಂದ ಒಂದೊಂದನ್ನೇ ಮೇಲಕ್ಕೆ ತಳ್ಳಿದಳು. ಕೆಂಪು ಮರಿಗಳು ಅನ್ನ ಕುದಿದ ಹಾಗೆ ನೀರಿನ ಮೇಲೆ ಬುಳುಬುಳು ಎದ್ದವು. ಗಾಳಿ ಅವಕ್ಕೂ ಗೂಡು ಊದಿತು, ಎಲ್ಲವೂ ಉಸಿರಾಡಿದವು.

ಆ ಮಡುವಿಗೆ ಗೆಂಡೆಗಳು ತಿರುಗಿ ಬರಲಿಲ್ಲ. ಬಿಸಿನೀರು ಬಂದು ಸೇರುವ ಕಡೆ ಅವು ಇವತ್ತಿಗೂ ನಿಲ್ಲುವುದಿಲ್ಲ, ನಿಂತವು ಹೊಟ್ಟೆ ಮೇಲಾಗಿ ತೇಲುತ್ತವೆ. ಮಧ್ಯಾಹ್ನದ ಕೆರೆಯಲ್ಲಿ ಗುಳಕ್ ಅಂತ ಒಂದು ಬಾಯಿ ತೆರೆದು ಮುಚ್ಚಿದರೆ ಕಲ್ಲು ಎಸೆಯಬೇಡ ಮಗು, ಕುಚ್ಚವ್ವನ ಮಗಳೊಬ್ಬಳು ತನ್ನ ಪಾಲಿನ ಉಸಿರು ಕೇಳಿಕೊಂಡು ಬಂದಿದ್ದಾಳೆ.