ಕೂಗದೆ ಬಿಟ್ಟ ನೀರು

ಆಶ್ವಯುಜ ಬಹುಳ ತದಿಗೆ. ನಾಲ್ಕು ದಿನ ಸುರಿದ ಮಳೆ ನಿಂತು, ಬೆಳಿಗ್ಗೆ ಬಿಳಿಚಿದ ಬಿಸಿಲು ಬಿದ್ದಿತ್ತು.

ಈರಭದ್ರ ಕೆಸರುಗಾಲಲ್ಲೇ ಆಶ್ರಮಕ್ಕೆ ಬಂದ. ಊರವರು ಹಣೆಗೆ ಹಚ್ಚಿದ ಗಂಧ ಇನ್ನೂ ಒಣಗಿರಲಿಲ್ಲ. ಗುರು ನಿರ್ವಾಣಯ್ಯನವರು ಕೆರೆ ಕಾಯುವ ಕೆಲಸವನ್ನು ಅವನಿಗೆ ವಹಿಸಿ ಒಂಬತ್ತು ವರ್ಷವಾಗಿತ್ತು. ಅದಕ್ಕಿಂತ ದೊಡ್ಡದೇನನ್ನೂ ಅವನು ಬಯಸಿದವನಲ್ಲ.

"ಏರಿ ಬಿರಿಯುವುದರಲ್ಲಿತ್ತು. ಪಡುವಣ ತೂಬು ಎತ್ತಿಬಿಟ್ಟೆ. ಊರು ಉಳಿಯಿತು," ಎಂದ.

"ಪಡುವಣಕ್ಕೆ ಯಾರಿದ್ದಾರೆ?" ಗುರುಗಳು ಕೇಳಿದರು.

"ಕುಂಬಾರರ ತಿಪ್ಪಮ್ಮ ಒಬ್ಬಳೇ. ದಿಬ್ಬ ಹತ್ತಿ ಪಾರಾದಳು. ದೀಪಾವಳಿಗೆಂದು ಮಾಡಿಟ್ಟ ಹಸಿ ಹಣತೆಗಳು ಮಾತ್ರ ಕರಗಿ ಮತ್ತೆ ಮಣ್ಣಾದವು. ಅವನ್ನು ಸುಡುವ ಆವಿಗೆಯೂ ಕುಸಿಯಿತು."

ತೂಬು ಎತ್ತುವ ಮೊದಲು ಕೆಳಗಿನ ಮನೆಯ ಮುಂದೆ ನಿಂತು "ನೀರು ಬಿಡಲೇ?" ಎಂದು ಕೂಗಿ, ಉತ್ತರ ಕೇಳಿಸಿಕೊಂಡು ಬರುವುದು ಆ ಕೆರೆಯ ಕಟ್ಟಳೆ.

"ಕೂಗಿದೆಯಾ?"

"ಇಲ್ಲ."

"ಹೊತ್ತಿರಲಿಲ್ಲವೋ?"

"ಇತ್ತು. ಈ ಕಡೆ ಮುನ್ನೂರು ಮನೆ, ಆ ಕಡೆ ಒಂದು. ಇದರಲ್ಲಿ ಕೇಳುವುದೇನಿದೆ, ಅಯ್ಯನವರೇ?"

"ಏನೂ ಇಲ್ಲ. ಮಗ್ಗಿ ಬಾರದವನೂ ಹಾಕುವ ಲೆಕ್ಕ."

ಈರಭದ್ರನ ಮುಖ ಸಣ್ಣದಾಯಿತು.

"ಅವಳು ಬೇಡ ಅಂದಿದ್ದರೆ ಬಿಡದೆ ಇರಬೇಕಿತ್ತೇ?"

"ಬಿಡಲೇಬೇಕಿತ್ತು. ನಾನಿದ್ದರೂ ಬಿಡುತ್ತಿದ್ದೆ."

"ಮತ್ತೆ ಕೂಗಿ ಏನು ಬಂತು?"

ನಿರ್ವಾಣಯ್ಯ ಹೊದಿಕೆ ಹೆಗಲಿಗೇರಿಸಿ ಪಡುವಣದ ದಾರಿ ಹಿಡಿದರು. ತಿಪ್ಪಮ್ಮನಿಗೆ ಪರಿಹಾರವೆಂದು ಆರು ಚೀಲ ಭತ್ತ ಹೊತ್ತು ಊರವರೂ ಹಿಂದೆಯೇ ಹೋದರು.

ಈರಭದ್ರ ಕಂಬಕ್ಕೊರಗಿ ಕೂತ. ತಾನು ತಪ್ಪಿದ್ದೆಲ್ಲಿ ಎಂದು ಮತ್ತೆ ಮತ್ತೆ ನೋಡಿದ. ಪ್ರತಿ ಸಲವೂ ಮುನ್ನೂರು ಮುನ್ನೂರೇ, ಒಂದು ಒಂದೇ.

ಮಧ್ಯಾಹ್ನ ಚೀಲಗಳು ಬಾಯಿ ಬಿಚ್ಚದೆ ಹಾಗೇ ವಾಪಸು ಬಂದವು. ಅವುಗಳ ಹಿಂದೆ ಗುರುಗಳು.

"ಆರು ಚೀಲ ಸಾಲದಂತೆಯೇ?"

"ಚೀಲದ ಕಡೆ ನೋಡಲೇ ಇಲ್ಲ. ಕೆಸರಲ್ಲಿ ಕೂತು ತಿಗರಿಯ ಚಕ್ರ ತೊಳೆಯುತ್ತಿದ್ದಳು. 'ಒಂದು ಸಲ ಕೂಗಿದ್ದರೆ, ಬಿಡಪ್ಪಾ ಅಂತ ನಾನೇ ಅನ್ನುತ್ತಿದ್ದೆ. ನಾನೇನು ಈ ಊರಿನವಳಲ್ಲವಾ?' ಅಂದಳು."

ಈರಭದ್ರ ಚೀಲಗಳ ಕಡೆ ನೋಡಿದ.

"ಏನೂ ಕೊಡದೆ ಬಂದಿರಾ ಹಾಗಾದರೆ?"

"ಇಲ್ಲ. ಕೊಟ್ಟೇ ಬಂದೆ."

"ಏನನ್ನು?"

ನಿರ್ವಾಣಯ್ಯ ಕಾಲು ತೊಳೆದುಕೊಂಡು ಒಳಗೆ ಬಂದರು.

"ನಿನ್ನ ಕೆಲಸವನ್ನು. ನಿನ್ನನ್ನು ಕೇಳಲಿಲ್ಲ."