ಕವರು ತೆಗೆಯದ ಮನೆ

“ಬುದ್ಧಿ, ನಿಮ್ಮ ಪಾಠವೆಲ್ಲ ನನಗೆ ಬಾಯಿಪಾಠವಾಗಿದೆ. ಆದರೂ ಯಾರಾದರೂ ಒಂದು ಮಾತು ಅಂದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಇಷ್ಟು ಕಾಲ ನಿಮ್ಮ ಬಳಿ ಇದ್ದೂ ಪಾಠ ನನಗೇಕೆ ತಾಗಲಿಲ್ಲ?”

ಕೇಳಿದವನು ಚೆನ್ನವೀರ, ಮಠದ ಶಿಷ್ಯರಲ್ಲೆಲ್ಲ ಅಚ್ಚುಕಟ್ಟಾದವನು. ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವನ ಮೇಲೆ ಕೂಗಾಡಿದ್ದ. ರಾತ್ರಿಯೆಲ್ಲ ಅದೇ ಕೊರಗು. ಈಗ ಬೆಳಗಿನ ಚಳಿಗೆ ಒಂದು ತೆಳ್ಳನೆಯ ಶಲ್ಯ ಸುತ್ತಿಕೊಂಡು ಗುರುಗಳ ಮುಂದೆ ಕೂತಿದ್ದ. ಗುರುಗಳು ಆ ಶಲ್ಯವನ್ನು ಒಮ್ಮೆ ನೋಡಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಅವನ ಮನೆಯಲ್ಲಿ ಯಾವ ಹೊಸ ವಸ್ತುವಿನ ಕವರನ್ನೂ ತೆಗೆಯುತ್ತಿರಲಿಲ್ಲ. ಟಿವಿ ರಿಮೋಟಿಗೆ ಕವರು, ಬೈಕಿನ ಸೀಟಿಗೆ ಕವರು. ಮದುವೆಯಲ್ಲಿ ಬಂದ ಸೋಫಾ ಅಂಗಡಿಯ ಪ್ಲಾಸ್ಟಿಕ್ಕಿನೊಳಗೇ ಕೂತಿತ್ತು. ಬೇಸಿಗೆಯಲ್ಲಿ ನೆಂಟರು ಅದರ ಮೇಲಿಂದ ಏಳಬೇಕಾದರೆ ಕಾಲಿನ ಚರ್ಮ ಬಿಡಿಸಿಕೊಂಡು ಏಳಬೇಕಿತ್ತು. ನಗಬೇಡ ಚೆನ್ನವೀರ, ನಿಮ್ಮ ಮನೆಯಲ್ಲೂ ಅಂಥದ್ದು ಒಂದಾದರೂ ಇರುತ್ತದೆ.

ಗುಮಾಸ್ತನ ಹೆಂಡತಿ ಗ್ರಂಥಪಾಲಕಿಯಾಗಲು ಓದಿದವಳು. ಅತ್ತೆಯ ಆರೈಕೆ, ಮಗುವಿನ ಆರೈಕೆ ಎಂದು ವರ್ಷಗಳು ಕಳೆದಿದ್ದವು. ಕೆಲಸಕ್ಕೆ ಸೇರುವ ವಯಸ್ಸು ಇನ್ನೇನು ಮೀರುತ್ತದೆ ಎನ್ನುವಾಗ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಅದು ಕಂಪ್ಯೂಟರಿನ ಮೂಲಕ ನಡೆಯುವ ಸಂದರ್ಶನ. ಮನೆಯ ಕೋಣೆಯಲ್ಲಿ ಒಬ್ಬಳೇ ಕೂತು ಉತ್ತರಿಸಬೇಕು, ಮೊಬೈಲು ನಡೆಯುವುದಿಲ್ಲ ಎಂದು ನಿಯಮ ಮಾಡಿದ್ದರು.

ಕಂಪ್ಯೂಟರನ್ನು ನಾನೇ ಮನೆಯಲ್ಲಿ ಜೋಡಿಸಿಕೊಡುತ್ತೇನೆ ಎಂದು ಗುಮಾಸ್ತ ಅಂದ. ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಅಂದದ್ದು, ಅದರಲ್ಲಿ ಸಂಶಯವಿಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ತಂದ. ಒಳ್ಳೆಯ ದಿನ ನೋಡಿ, ಪೆಟ್ಟಿಗೆಗೆ ಕುಂಕುಮವಿಟ್ಟು, ಜೋಡಿಸಲು ಕೂತ.

ಕಂಪ್ಯೂಟರಿನ ಲೆಕ್ಕಾಚಾರವನ್ನೆಲ್ಲ ಮಾಡುವುದು ಒಂದು ಪುಟ್ಟ ಚಿಪ್. ಕೆಲಸ ಹೆಚ್ಚಾದಷ್ಟೂ ಅದು ಬಿಸಿಯಾಗುತ್ತದೆ; ಮಿತಿಮೀರಿ ಕಾದರೆ ನಿಧಾನವಾಗಿ, ಕೊನೆಗೆ ಕಂಪ್ಯೂಟರೇ ಆರಿಹೋಗುತ್ತದೆ. ಆ ಬಿಸಿಯನ್ನು ಹೀರಲೆಂದು ಅದರ ಮೇಲೆ ತಾಮ್ರದ ತಳವಿರುವ ಫ್ಯಾನು ಕೂರಿಸುತ್ತಾರೆ. ತಾಮ್ರಕ್ಕೆ ಗೀರು ಬೀಳಬಾರದೆಂದು ಕಾರ್ಖಾನೆಯವರು ಅದಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕೂರಿಸುವ ಮೊದಲು ಅದನ್ನು ಸುಲಿಯಬೇಕು. ಗುಮಾಸ್ತ ಹಾಳೆಯನ್ನು ನೋಡದೆ ಇರಲಿಲ್ಲ, ನೋಡಿದ. ಅದರಡಿ ತಾಮ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಸದು ಹೊಸದಾಗಿಯೇ ಇರಲಿ ಎಂದು ಹಾಳೆಯ ಸಮೇತ ಕೂರಿಸಿದ.

ಕಂಪ್ಯೂಟರ್ ಶುರುವಾಯಿತು. ಸಣ್ಣಪುಟ್ಟ ಕೆಲಸಕ್ಕೆ ಚೆನ್ನಾಗಿಯೇ ನಡೆಯಿತು. ಸಂದರ್ಶನದ ದಿನ ಮುಖ ನೋಡಿ ಮಾತು ಆರಂಭವಾದ ಸ್ವಲ್ಪ ಹೊತ್ತಿಗೆ ಚಿತ್ರ ನಿಂತುಹೋಯಿತು. ಮಾತು ತುಂಡುತುಂಡಾಗಿ, ಕೊನೆಗೆ ಸಂಪರ್ಕವೇ ಕಡಿಯಿತು. ಕಾಲೇಜಿನವರು ಒಳ್ಳೆಯವರು. ಮುಂದಿನ ವಾರ ಇನ್ನೊಮ್ಮೆ ನೋಡೋಣ, ಆದರೆ ಅದೇ ಕೊನೆ ಎಂದರು. ಆ ಹೆಣ್ಣುಮಗಳು ಅಡುಗೆಮನೆಗೆ ಹೋಗಿ ಅತ್ತಳು.

ಮಾತು ಕಡಿದರೆ ಯಾರಾದರೂ ಮೊದಲು ದೂರುವುದು ನೆಟ್‌ವರ್ಕನ್ನು. ಗುಮಾಸ್ತ ವೈರು ಬದಲಿಸಿದ. ಹಜಾರದಲ್ಲಿದ್ದ ರೂಟರನ್ನು ಕೋಣೆಗೆ ತಂದ, ಆಮೇಲೆ ಹೊಸ ರೂಟರನ್ನೇ ತಂದ. ಇಂಟರ್ನೆಟ್ ಎಳೆದುಕೊಟ್ಟ ಕೇಬಲ್‌ನವನನ್ನು ನಡುಬೀದಿಯಲ್ಲಿ ನಿಲ್ಲಿಸಿ ಬೈದ. ಆ ಪಾಪದವನು ಕಂಬ ಹತ್ತಿ ಇಳಿದು, ಲೈನು ಸರಿಯಾಗಿದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಹೋಗತೊಡಗಿತು. ಈಗ ಕರೆಂಟಿನ ಮೇಲೆ ಸಂಶಯ, ಮೆಮೊರಿಯ ಮೇಲೆ ಸಂಶಯ. ಕಳಚಿದ, ಕೂರಿಸಿದ, ಮತ್ತೆ ಕಳಚಿದ. ಎಲ್ಲಕ್ಕಿಂತ ಜೋಪಾನವಾಗಿ ಕೂರಿಸಿದ್ದ ಆ ಫ್ಯಾನನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿ ತಪ್ಪಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಎರಡನೆಯ ಸಂದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಪರದೆಯ ಮೇಲೆ ಚಿಪ್ ಅತಿಯಾಗಿ ಕಾದಿದೆ ಎಂಬ ಎಚ್ಚರಿಕೆ ಮೂಡಿ, ಕಂಪ್ಯೂಟರ್ ಮತ್ತೆ ಆರಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದಳು. ತೆರೆದಿದ್ದ ಪೆಟ್ಟಿಗೆಯೊಳಗೆ ಕೈಯಿಟ್ಟು ಫ್ಯಾನಿನ ಬುಡದ ಲೋಹವನ್ನು ಮುಟ್ಟಿ ನೋಡಿದಳು.

“ರೀ, ಇದು ತಣ್ಣಗಿದೆಯಲ್ರೀ.”

“ತಣ್ಣಗಿದ್ರೆ ಒಳ್ಳೇದೇ ಅಲ್ವಾ? ಫ್ಯಾನು ಚೆನ್ನಾಗಿ ತಿರುಗ್ತಿದೆ ಅಂತ ಅರ್ಥ.”

“ಒಲೆ ಧಗಧಗ ಉರೀತಾ ಇದ್ದು, ಮೇಲಿಟ್ಟ ಪಾತ್ರೆ ತಣ್ಣಗಿದ್ರೆ ಅದು ಒಳ್ಳೇದಾ? ಮಧ್ಯ ಏನೋ ಅಡ್ಡ ಇದೆ. ಬಿಚ್ಚಿ ನೋಡಿ.”

ಗುಮಾಸ್ತನಿಗೆ ಹಾಳೆ ನೆನಪಾಯಿತು. ಮುಖ ಸಣ್ಣಗಾಯಿತು. ಸ್ಕ್ರೂ ಬಿಚ್ಚಿದ. ಹಾಳೆ ಬಿಸಿಗೆ ಸುಕ್ಕುಗಟ್ಟಿತ್ತು. ಅದರಡಿಯ ತಾಮ್ರ ಮಾತ್ರ ತಂದ ದಿನದ ಹಾಗೆಯೇ ಹೊಳೆಯುತ್ತಿತ್ತು. ಹಾಳೆಯನ್ನು ಸುಲಿದೆಸೆದು, ಒರೆಸಿ, ಬಿಸಿ ಸರಾಗವಾಗಿ ದಾಟಲೆಂದು ನಡುವೆ ಹಚ್ಚುವ ಪೇಸ್ಟನ್ನು ಹೊಸದಾಗಿ ಹಚ್ಚಿ, ತಾಮ್ರ ಚಿಪ್‌ಗೆ ತಾಗುವಂತೆ ಕೂರಿಸಿದ.

ಹೆಂಡತಿ ತನ್ನ ತಂಗಿಗೆ ಕರೆ ಮಾಡಿ, ಮುಖ ನೋಡುತ್ತ ಮಾತಿಗೆ ಕೂತಳು. ಅಕ್ಕತಂಗಿಯರ ಮಾತು, ಬೇಗ ಮುಗಿಯುವುದುಂಟೇ? ಗುಮಾಸ್ತ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಚಿತ್ರ ನಿಲ್ಲಲಿಲ್ಲ, ಮಾತು ಕಡಿಯಲಿಲ್ಲ. ಕೊನೆಗೆ ಆ ಕಡೆಯ ತಂಗಿಯೇ ಹಾಲು ಉಕ್ಕುತ್ತಿದೆ ಎಂದು ಎದ್ದು ಓಡಿದಾಗ ಗುಮಾಸ್ತ ನಕ್ಕುಬಿಟ್ಟ. ಹೆಂಡತಿಯೂ ನಕ್ಕಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ಅಂದು ಇಬ್ಬರೂ ಹೊಟ್ಟೆ ತುಂಬ ಉಂಡರು.

ಮರುದಿನದ ಸಂದರ್ಶನ ಸರಾಗವಾಗಿ ನಡೆಯಿತು. ಕೆಲಸವೂ ಸಿಕ್ಕಿತು. ಗುಮಾಸ್ತ ಕೇಬಲ್‌ನವನನ್ನು ಮನೆಗೆ ಕರೆದು, ತಪ್ಪಾಯಿತಪ್ಪ ಎಂದು ಕೈಹಿಡಿದು ಕಾಫಿ ಕೊಟ್ಟ. ಅವನು ಬರುವಷ್ಟರಲ್ಲಿ ಗಂಡಹೆಂಡತಿ ಸೇರಿ ಸೋಫಾದ ಪ್ಲಾಸ್ಟಿಕ್ಕನ್ನು ಕಿತ್ತುಹಾಕಿದ್ದರು. ಅದು ಅಷ್ಟು ಮೆತ್ತಗಿದೆ ಎಂಬುದು ಅವರಿಗೂ ಅವತ್ತೇ ಗೊತ್ತಾದದ್ದು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ತನ್ನ ಮನೆಯವರಿಗೇ ಕೆಲಸ ಸಿಕ್ಕಷ್ಟು ಸಮಾಧಾನವಾಗಿತ್ತು.

“ಸದ್ಯ, ಆ ತಾಯಿಗೆ ಒಳ್ಳೆಯದಾಯಿತು ಬುದ್ಧಿ. ಆದರೆ ನಾನು ಕೇಳಿದ್ದು ನನ್ನ ವಿಷಯ,” ಎನ್ನುತ್ತ ಚಳಿಗೆ ಶಲ್ಯವನ್ನು ಇನ್ನೊಂದು ಸುತ್ತು ಎಳೆದುಕೊಂಡ.

“ಹೋದ ಚಳಿಗಾಲದಲ್ಲಿ ನಾನು ಕೊಟ್ಟ ಕಂಬಳಿಯೂ ಇನ್ನೂ ಕವರಿನಲ್ಲೇ ಇದೆಯಲ್ಲ, ಚೆನ್ನವೀರ,” ಎಂದರು ಗುರುಗಳು.

ಚೆನ್ನವೀರ ಎದ್ದು ಹೋಗಿ ಕಂಬಳಿಯ ಕವರನ್ನು ಹರಿದು, ಅದನ್ನು ಹೊದ್ದುಕೊಂಡು ಅಡುಗೆಯವನನ್ನು ಹುಡುಕಿಕೊಂಡು ನಡೆದ.