ಉರ್ಪಿಯ ಉಣ್ಣೆ

ದೂರದ ಆಂಡಿಸ್ ಬೆಟ್ಟಗಳ ನೆತ್ತಿಯ ಮೇಲೆ, ಮರವೇ ಬೆಳೆಯದ ಹುಲ್ಲುಗಾವಲಿನಲ್ಲಿ, ವಿಕುನ್ಯಾಗಳ ಒಂದು ಹಿಂಡಿತ್ತು. ವಿಕುನ್ಯಾ ಎಂದರೆ ಒಂಟೆಯ ದೂರದ ನೆಂಟ, ಮಕ್ಕಳೇ. ಡುಬ್ಬವಿಲ್ಲ, ಮೈತುಂಬ ನವಿರಾದ ಉಣ್ಣೆ. ಆ ಹಿಂಡಿನ ಉರ್ಪಿಗೆ ತನ್ನ ಹೊಂಬಣ್ಣದ ಉಣ್ಣೆಯೆಂದರೆ ಪ್ರಾಣ. ಮೇಯುವುದಕ್ಕಿಂತ ಕೊಳದಲ್ಲಿ ಮೈ ನೋಡಿಕೊಳ್ಳುವುದೇ ಹೆಚ್ಚು.

ಎರಡು ವರ್ಷಕ್ಕೊಮ್ಮೆ ಕೆಳಗಿನ ಊರಿನವರೆಲ್ಲ ಬಣ್ಣದ ಬಟ್ಟೆಚೂರು ಕಟ್ಟಿದ ಉದ್ದನೆಯ ಹಗ್ಗ ಹಿಡಿದು, ಸಾಲಾಗಿ ಮೇಲೆ ಬರುವರು. ಹಿಂಡನ್ನು ಮೆಲ್ಲಗೆ ದೊಡ್ಡಿಗೆ ಅಟ್ಟಿ, ಉಣ್ಣೆ ಕತ್ತರಿಸಿಕೊಂಡು, ಮತ್ತೆ ಬೆಟ್ಟಕ್ಕೆ ಬಿಟ್ಟುಬಿಡುವರು.

ಈ ಸಲ ಹಗ್ಗ ಕಂಡದ್ದೇ ತಡ, ಉರ್ಪಿ ಬಂಡೆಗಳ ಸಂದಿಗೆ ನುಸುಳಿದಳು.

"ಎಲ್ಲಿಗೇ ಹೊರಟೆ?" ಎಂದಳು ಹಿಂಡಿನ ಹಿರಿಯಳಾದ ದೊಡ್ಡಮ್ಮ.

"ನಾನು ಬರಲ್ಲ ದೊಡ್ಡಮ್ಮ. ನನ್ನ ಉಣ್ಣೆ ನನಗೇ ಇರಲಿ."

"ಮತ್ತೆ ಬೆಳೆಯುತ್ತೆ ಕಣೇ!"

"ಬೆಳೆಯೋವರೆಗೆ ಬೋಳುಮೈಯಲ್ಲಿ ಯಾರು ತಿರುಗ್ತಾರೆ?"

ಸಂಜೆ ಹಿಂಡು ಹಗುರಾಗಿ ಮರಳಿತು. ಉರ್ಪಿ ಕತ್ತು ಕೊಂಕಿಸಿ ಎಲ್ಲರ ಮುಂದೆ ಓಡಾಡಿದಳು. "ಅಯ್ಯೋ ಪಾಪ, ಎಷ್ಟು ಸೊರಗಿದ್ದೀರಿ!" ಎಂದು ನಕ್ಕಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹುಲ್ಲು ಚೆನ್ನಾಗಿತ್ತು.

"ನಾಳೆ ಹಗ್ಗದವರು ಪಕ್ಕದ ಗುಡ್ಡಕ್ಕೆ ಬರ್ತಾರೆ. ಆಗಲಾದರೂ ಹೋಗು" ಎಂದಳು ದೊಡ್ಡಮ್ಮ. ಉರ್ಪಿ ಕೇಳಿಸದವಳಂತೆ ಕೊಳದ ಕಡೆ ನಡೆದಳು.

ಮರುದಿನ ಬೆಳಗ್ಗೆ ಬಂದೂಕು ಹಿಡಿದ ಇಬ್ಬರು ಕಳ್ಳಬೇಟೆಗಾರರು ಬಂದರು. ಕೊಂದು ಉಣ್ಣೆ ದೋಚುವ ಜನ.

"ಥೂ, ಇವುಗಳ ಮೈಮೇಲೆ ಏನೂ ಇಲ್ಲ. ಗುಂಡು ದಂಡ" ಎಂದ ಒಬ್ಬ.

"ಅಗೋ, ಅಲ್ಲೊಂದಿದೆ!" ಎಂದ ಇನ್ನೊಬ್ಬ.

ಗುಂಡು ಉರ್ಪಿಯ ಕಿವಿಯ ಪಕ್ಕವೇ ಹಾದುಹೋಯಿತು. ಅವಳು ಹಿಂಡಿನೊಳಗೆ ನುಗ್ಗಿದಳು, ಆದರೆ ಅಷ್ಟು ಬೋಳುಮೈಗಳ ನಡುವೆ ಅವಳೊಬ್ಬಳೇ ಎದ್ದು ಕಾಣುತ್ತಿದ್ದಳು.

"ಇಲ್ಲಿ ನಿಲ್ಲಬೇಡ ಕಣೇ, ಹಗ್ಗದವರ ಕಡೆ ಓಡು!" ಎಂದು ದೊಡ್ಡಮ್ಮ ಕೂಗಿದಳು.

ಉರ್ಪಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಪಕ್ಕದ ಗುಡ್ಡದಲ್ಲಿ ಬಣ್ಣದ ಬಟ್ಟೆಚೂರುಗಳು ಕಂಡವು. ಯಾರೂ ಅಟ್ಟದೆಯೇ ನೇರವಾಗಿ ದೊಡ್ಡಿಯೊಳಗೆ ನುಗ್ಗಿ, ಕತ್ತರಿ ಹಿಡಿದ ಅಜ್ಜಿಯ ಮುಂದೆ ನಿಂತಳು. ಅಷ್ಟು ಜನರನ್ನು ಕಂಡ ಬೇಟೆಗಾರರು ಕಾಲಿಗೆ ಬುದ್ಧಿ ಹೇಳಿದರು.

"ಇದೇನಿದು, ತಾನಾಗೇ ಬಂದಿದೆಯಲ್ಲ!" ಎಂದು ಅಜ್ಜಿ ನಕ್ಕು, ಉಣ್ಣೆ ಕತ್ತರಿಸಿ, ಬೆನ್ನು ತಟ್ಟಿ ಬಿಟ್ಟಳು.

ಸಂಜೆ ಚಳಿಗಾಳಿಗೆ ನಡುಗುತ್ತ ಉರ್ಪಿ ಮರಳಿದಾಗ, "ಅಯ್ಯೋ ಪಾಪ, ಎಷ್ಟು ಸೊರಗಿದ್ದೀಯೇ!" ಎಂದು ಎಲ್ಲರೂ ಒಟ್ಟಿಗೆ ಛೇಡಿಸಿದರು. ಉರ್ಪಿಗೂ ನಗು ಬಂತು. ದೊಡ್ಡಮ್ಮ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಹಿಂಡಿನ ನಡುವೆ ಬೆಚ್ಚಗಿತ್ತು.

ನೀತಿ: ಮತ್ತೆ ಬೆಳೆಯುವುದನ್ನು ಕೊಡಲು ಹಿಂಜರಿದು, ಮತ್ತೆ ಬಾರದ ಪ್ರಾಣಕ್ಕೆ ಕುತ್ತು ತಂದುಕೊಳ್ಳಬಾರದು.